ಕೋವಿಯ ಶಿಲ್ಪಿ ಜೋಸೆಫ್ ಮ್ಯಾಂಟನ್

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಗ್ರ್ಯಾಂಥಮ್ ಎಂಬ ಪಟ್ಟಣದ ಹೆಸರನ್ನು ನಮ್ಮಲ್ಲಿ ಬಲ್ಲವರು, ಐಸಾಕ್ ನ್ಯೂಟನ್ನನು ಬಾಲ್ಯದಲ್ಲಿ ಓದಿದ ಊರೆಂದು ಬಲ್ಲರು. ಆ ಮಹಾನುಭಾವನು ಅಲ್ಲಿನ ಶಾಲೆಯನ್ನು ಬಿಟ್ಟು ಹೋದ ಒಂದು ಶತಮಾನದ ತರುವಾಯ, ೧೭೬೬ರಲ್ಲಿ, ಅದೇ ಊರಿನಲ್ಲಿ ಹುಟ್ಟಿದ ಇನ್ನೊಬ್ಬನೂ ಒಂದು ಬಗೆಯಲ್ಲಿ ಗತಿಶಾಸ್ತ್ರದ ಉಪಾಸಕನೇ ಆಗಿದ್ದನು. ಆದರೆ ಆತನ ಉಪಾಸನೆ ಲೇಖನಿಯಿಂದಲ್ಲ, ಅರದಿಂದ ನಡೆಯಿತು. ಆತನೇ ಜೋಸೆಫ್ ಮ್ಯಾಂಟನ್. ಅಕ್ಕಪಕ್ಕದಲ್ಲಿ ಎರಡು ನಳಿಗೆಗಳನ್ನುಳ್ಳ ಬೇಟೆಯ ಕೋವಿಗೆ ಇಂದು ನಾವು ಕಾಣುವ ರೂಪ ಬಂದುದು ಬಹುಮಟ್ಟಿಗೆ ಆತನ ಕೈಯಲ್ಲಿ. ಕೊಲ್ಲುವ ಉಪಕರಣವೊಂದನ್ನು ಮಾಡಿದವನ ಚರಿತ್ರೆಯನ್ನು ಸಾಹಿತ್ಯದ ಪುಟದಲ್ಲಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಬೇಟೆಯಲ್ಲಿ ನನಗೆ ಆಸಕ್ತಿಯಿಲ್ಲ, ಕೆಲಸಗಾರಿಕೆಯಲ್ಲಿ ಇದೆ. ಪಂಪನು ಬೇಟೆಯನ್ನು ವರ್ಣಿಸಿದಾಗ ಓದಿ ತಲೆದೂಗುವ ನಾವು ಈ ಕಮ್ಮಾರನಿಗೆ ಒಂದು ಗಳಿಗೆ ಕಿವಿಗೊಟ್ಟರೆ ತಪ್ಪೇನೂ ಆಗಲಾರದು.

ಜೋಸೆಫನಿಗಿಂತ ಹದಿನಾಲ್ಕು ವರ್ಷ ಹಿರಿಯನಾದ ಅಣ್ಣ ಜಾನ್ ಮ್ಯಾಂಟನ್ ಮೊದಲೇ ಲಂಡನ್ನಿಗೆ ಬಂದು, ಜಾನ್ ಟ್ವಿಗ್ ಎಂಬ ಪ್ರಸಿದ್ಧ ಕೋವಿಗಾರನಲ್ಲಿ ದುಡಿದು, ೧೭೮೧ರಲ್ಲಿ ಡೋವರ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದಿದ್ದನು. ತಮ್ಮನು ಅಣ್ಣನ ಬಳಿ ಕೆಲಸ ಕಲಿತನು. ಹದಿನೆಂಟನೆಯ ಶತಮಾನದ ಕೊನೆಯ ದಶಕ ಆರಂಭವಾಗುವ ಹೊತ್ತಿಗೆ ಬರ್ಕ್ಲಿ ಚೌಕದ ಹತ್ತಿರ ಡೇವಿಸ್ ಬೀದಿಯಲ್ಲಿ ಆತನ ಹೆಸರಿನ ಹಲಗೆಯೂ ನೇತಾಡಿತು. ಅಣ್ಣನು ಲೆಕ್ಕ ಬಲ್ಲವನು, ಜಾಗರೂಕ. ತಮ್ಮನು ಹೊಸತನ್ನು ಕಂಡರೆ ಕೈಸುಟ್ಟುಕೊಳ್ಳದೆ ಬಿಡುವವನಲ್ಲ. ಇಬ್ಬರ ಕಥೆಯೂ ಮುಂದೆ ಈ ಸ್ವಭಾವಗಳನ್ನೇ ಅನುಸರಿಸಿತು.

ಅಂದಿನ ಕೋವಿ ಚಕಮಕಿಯ ಕೋವಿ. ಬೆರಳು ಕೀಲನ್ನು ಎಳೆದರೆ ಕುದುರೆ ಬೀಳುವುದು. ಅದರ ಬಾಯಲ್ಲಿ ಕಚ್ಚಿಸಿದ ಬೆಣಚುಕಲ್ಲು ಉಕ್ಕಿಗೆ ತಾಕಿ ಕಿಡಿಯನ್ನು ಉದುರಿಸುವುದು. ಕಿಡಿ ಪುಟ್ಟ ಬಟ್ಟಲಿನ ಮದ್ದನ್ನು ಹೊತ್ತಿಸುವುದು. ಆ ಉರಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಿದ ಮೇಲೆ ಚರೆ ಹೊರಡುವುದು. ಇಷ್ಟೆಲ್ಲ ಕಣ್ಣೆವೆ ಮುಚ್ಚುವಷ್ಟರಲ್ಲಿ ಆಗುವುದಾದರೂ, ಹಾರುವ ಹಕ್ಕಿಗೆ ಅಷ್ಟು ಕಾಲವೇ ಧಾರಾಳವಾಗಿತ್ತು. ಮ್ಯಾಂಟನ್ನನು ತನ್ನ ಆಯುಷ್ಯವನ್ನೆಲ್ಲ ಈ ಎವೆಯಿಕ್ಕುವ ಕಾಲದೊಡನೆ ಹೋರಾಡುವುದರಲ್ಲಿ ಕಳೆದನೆಂದರೆ ಅತಿಶಯೋಕ್ತಿಯಲ್ಲ. ಕುದುರೆಯ ತೂಕ, ಒಳಗಿನ ಬಿಲ್ಲುಪಟ್ಟಿಯ ಬಿಗಿ, ಬಟ್ಟಲಿನ ಆಳ, ರಂಧ್ರದ ಎಡೆ, ಇವನ್ನೆಲ್ಲ ತೂಗಿ ನೋಡಿ ಹೊಂದಿಸಿದನು. ಉರಿಯಿಂದ ಸವೆದು ಅಗಲವಾಗದಿರಲೆಂದು ರಂಧ್ರಕ್ಕೆ ಪ್ಲಾಟಿನಮ್ ಲೋಹದ ಅಂಚು ಕಟ್ಟಿದನು.

ನಳಿಗೆಯ ಕಥೆ ಇನ್ನೂ ಸ್ವಾರಸ್ಯವಾದುದು. ಆ ಕಾಲದ ಉತ್ತಮ ನಳಿಗೆಗಳನ್ನು ಕುದುರೆಯ ಲಾಳದ ಹಳೆಯ ಮೊಳೆಗಳಿಂದ ಮಾಡುತ್ತಿದ್ದರು! ವರ್ಷಗಟ್ಟಲೆ ಕಲ್ಲುಹಾದಿಯಲ್ಲಿ ಬಡಿಸಿಕೊಂಡ ಆ ಕಬ್ಬಿಣ ಹದಗೊಂಡು ನಾರುನಾರಾಗಿರುತ್ತದೆಂದು ಅವರ ನಂಬಿಕೆ. ಮೊಳೆಗಳನ್ನು ಕುಲುಮೆಯಲ್ಲಿ ಒಂದುಗೂಡಿಸಿ ಪಟ್ಟಿಯಾಗಿ ಎಳೆದು, ಆ ಪಟ್ಟಿಯನ್ನು ಸರಳಿನ ಸುತ್ತ ಬಳ್ಳಿಯಂತೆ ಸುತ್ತಿ, ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಆ ಬಳ್ಳಿಯ ಗುರುತು ನಳಿಗೆಯ ಕಂದುಬಣ್ಣದೊಳಗೆ ರೇಷ್ಮೆಯ ನೇಯ್ಗೆಯಂತೆ ಕಾಣುತ್ತಿತ್ತು. ಇಂತಹ ಎರಡು ನಳಿಗೆಗಳನ್ನು ಜೋಡಿಸುವ ಕಡೆ ನಡುವೆ ಬರುವ ಪಟ್ಟಿಯನ್ನು ಹಿಂಬದಿಯಲ್ಲಿ ಎತ್ತರವಾಗಿ, ಮುಂದೆ ಹೋದಂತೆ ತಗ್ಗಾಗಿ ಮಾಡಿದುದು ಮ್ಯಾಂಟನ್ನನ ವಿಶೇಷ. ಇದಕ್ಕೆ ೧೮೦೬ರಲ್ಲಿ ಹಕ್ಕುಪತ್ರ ಪಡೆದನು. ಗುರಿ ನೋಡುವ ಕಣ್ಣು ಈ ಇಳಿಜಾರಿನ ಮೇಲೆ ಹರಿದಾಗ ನಳಿಗೆಯ ಬಾಯಿ ತಾನಾಗಿ ತುಸು ಮೇಲೆದ್ದು, ಚರೆ ಕೆಳಗೆ ಬೀಳುವ ದೋಷ ನೀಗುತ್ತದೆ. ನೋಡುವವರಿಗೆ ಒಂದು ಅಲಂಕಾರ, ಬಲ್ಲವರಿಗೆ ಒಂದು ಗಣಿತ. ೧೮೧೨ರಲ್ಲಿ ಇನ್ನೊಂದು ಹಕ್ಕುಪತ್ರ ಪಡೆದನು: ಮದ್ದು ಜಡಿಯಲು ಕೋವಿಯನ್ನು ನೆಟ್ಟಗೆ ನಿಲ್ಲಿಸಿದಾಗ, ಸಜ್ಜಾಗಿರುವ ಇನ್ನೊಂದು ನಳಿಗೆಯ ಕುದುರೆ ಅಕಸ್ಮಾತ್ತಾಗಿ ಬೀಳದಂತೆ, ತನ್ನ ಭಾರದಿಂದಲೇ ತಿರುಗಿ ತಡೆಯುವ ಕೀಲು. ಜೋಡುನಳಿಗೆಯ ಕೋವಿಯಲ್ಲಿ ಕೈ ಕಳೆದುಕೊಂಡವರು ಎಷ್ಟೋ ಮಂದಿ. ಇಂತಹ ಕೀಲನ್ನು ಚಿಂತಿಸಿದವನಲ್ಲಿ ಕರುಣೆಯೂ ಇತ್ತೆಂದು ನಾನು ಭಾವಿಸುತ್ತೇನೆ.

ಕೆತ್ತನೆಯ ವಿಷಯದಲ್ಲಿ ಆತನ ರುಚಿ ನನಗೆ ಬಹಳ ಮೆಚ್ಚಿಕೆಯಾದುದು. ಅದೇ ಕಾಲದಲ್ಲಿ ಫ್ರಾನ್ಸಿನ ವರ್ಸಾಯಿಯಲ್ಲಿ ಬೂತೆ ಎಂಬ ಮಹಾಶಿಲ್ಪಿಯು ನೆಪೋಲಿಯನ್ನನಿಗಾಗಿ ಚಿನ್ನಬೆಳ್ಳಿಗಳನ್ನು ಸುರಿದು ಆಯುಧಗಳನ್ನು ಸಿಂಗರಿಸುತ್ತಿದ್ದನು. ಮ್ಯಾಂಟನ್ನನ ಕೋವಿಯಲ್ಲಾದರೋ ಉಕ್ಕಿನ ತಗಡಿನ ಅಂಚಿಗೊಂದು ತೆಳುವಾದ ಗೆರೆ, ಮೂಲೆಗೊಂದು ಎಲೆಬಳ್ಳಿ, ಅಲ್ಲೊಂದು ಇಲ್ಲೊಂದು ಬೇಟೆಯ ನೋಟ, ನಡುವೆ ಕುಶಲವಾದ ಅಕ್ಷರಗಳಲ್ಲಿ ಹೆಸರು, ಅಷ್ಟೆ. ಔಚಿತ್ಯವೆಂಬುದನ್ನು ಕಾವ್ಯದಲ್ಲಿ ಕ್ಷೇಮೇಂದ್ರನು ವಿವರಿಸಿದನು. ಉಕ್ಕಿನಲ್ಲಿ ಅದನ್ನು ಕಾಣಬೇಕಾದರೆ ಇಂತಹ ಕೋವಿಯನ್ನು ನೋಡಬೇಕು.

ಆದರೆ ಈ ಬಗೆಯ ತೆಳು ಕೆತ್ತನೆಯೇ ಮೊದಲು ಸವೆದುಹೋಗುವುದು. ಇನ್ನೂರು ವರ್ಷ ಕೈಯಿಂದ ಕೈಗೆ ಸಾಗಿದ ಕೋವಿಯನ್ನು ಜೀರ್ಣೋದ್ಧಾರ ಮಾಡಹೊರಟವನಿಗೆ ಇಲ್ಲಿಯೇ ಧರ್ಮಸಂಕಟ. ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೃದುವಾಗಿ ಬಿಡಿಸಬಹುದು. ಮರದ ಹಿಡಿಯಲ್ಲಿ ಬಿದ್ದ ತಗ್ಗನ್ನು ಒದ್ದೆಬಟ್ಟೆಯ ಮೇಲೆ ಕಾದ ಇಸ್ತ್ರಿಯನ್ನು ಇಟ್ಟು ಹಬೆಯಿಂದ ಎತ್ತಬಹುದು, ಅಗಸೆ ಎಣ್ಣೆಯನ್ನು ದಿನದಿನವೂ ಅಂಗೈಯಿಂದ ತಿಕ್ಕಿ ಹೊಳಪು ಬರಿಸಬಹುದು. ನಳಿಗೆಗೆ ಔಷಧ ಹಚ್ಚಿ, ತೇವದ ಕೋಣೆಯಲ್ಲಿಟ್ಟು, ಎದ್ದ ತುಕ್ಕನ್ನು ಉಜ್ಜಿ, ಮತ್ತೆ ಹಚ್ಚಿ, ಹೀಗೆ ಹಲವು ದಿನ ಮಾಡಿದರೆ ಹಳೆಯ ಕಂದುಬಣ್ಣವೂ ಮರಳುವುದು. ಇವೆಲ್ಲಕ್ಕೂ ಮೊದಲು, ಒಳಗೆ ಹಳೆಯ ಮದ್ದು ಉಳಿದಿದೆಯೇ ಎಂದು ಗಜವನ್ನು ಇಳಿಸಿ ಆಳ ಅಳೆಯಬೇಕು. ಅಜ್ಜನ ಕಾಲದಲ್ಲಿ ತುಂಬಿದ ಮದ್ದು ಮೊಮ್ಮಗನ ಕೈಯಲ್ಲಿ ಸಿಡಿಯುವುದುಂಟು. ಆದರೆ ಅಳಿಸಿಹೋದ ಬಳ್ಳಿಯನ್ನು, ಅಕ್ಷರವನ್ನು ಉಳಿಯಿಂದ ಮತ್ತೆ ಕೊರೆಯುವುದು? ತಾಳೆಗರಿಯಲ್ಲಿ ಹುಳು ತಿಂದ ಪದ್ಯವನ್ನು ಸಂಪಾದಕನು ತನ್ನ ಪ್ರತಿಭೆಯಿಂದ ತುಂಬಿ, ಕವಿಯ ಹೆಸರಿನಲ್ಲಿ ಅಚ್ಚು ಹಾಕಿಸಿದಂತೆ. ಗ್ರಂಥಸಂಪಾದನೆಯನ್ನು ಪಾಠ ಹೇಳುವ ನನಗೆ ಇದು ಸಮ್ಮತವಲ್ಲ. ತ್ರುಟಿತವನ್ನು ತ್ರುಟಿತವೆಂದೇ ತೋರಿಸುವುದು ಲೇಸು.

ಈ ಮಾತನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಕೊಡಗಿನ ನನ್ನ ವಿದ್ಯಾರ್ಥಿಯೊಬ್ಬನು, ನಾನು ಶಾಸನ ಓದುವವನೆಂಬ ನಂಬಿಕೆಯಿಂದ, ತನ್ನ ಐನ್‌ಮನೆಯ ಜೋಡುನಳಿಗೆಯ ಕೇಪಿನ ಕೋವಿಯ ಮೇಲಿನ ಅಕ್ಷರಗಳನ್ನು ಓದಿಸಲು ಕರೆದೊಯ್ದನು. ಕೈಲ್ ಪೊಳ್ದಿನಂದು ಹೂವೇರಿಸಿ ಪೂಜಿಸುವ ಕೋವಿ ಅದು. ಮ್ಯಾಂಟನ್ ಮನೆತನದ ಹೆಸರಿನ ಅಂಗಡಿಯೊಂದು ಹಿಂದೆ ಕಲ್ಕತ್ತೆಯಲ್ಲಿ ಪ್ರಸಿದ್ಧವಾಗಿತ್ತು. ಆ ಹೆಸರಿನ ಕೋವಿ ನಮ್ಮ ಕಡೆಗೆ ಬಂದಿರುವುದು ಅಸಂಭವವೇನೂ ಅಲ್ಲ. ಓರೆಬೆಳಕಿನಲ್ಲಿ ಹಿಡಿದು, ತೆಳು ಕಾಗದವಿಟ್ಟು ಸೀಸದಕಡ್ಡಿ ಉಜ್ಜಿದಾಗ ಆ ಹೆಸರಿನ ಮೊದಲೆರಡು ಅಕ್ಷರಗಳೂ, ಲಂಡನ್ ಎಂಬುದರ ಕೊನೆಯೂ ಎದ್ದುವು. ಆದರೆ ನಳಿಗೆಯ ಅಡಿಯಲ್ಲಿ, ಮರದೊಳಗೆ ಮರೆಯಾಗಿದ್ದ ಕಡೆ, ಲಂಡನ್ನಿನ ಕೋವಿಗಾರರ ಸಂಘದ ಕಿರೀಟದ ಮುದ್ರೆಯಿರಲಿಲ್ಲ. ಅಂಡಾಕಾರದೊಳಗೆ ಮೂರು ಅಕ್ಷರಗಳೂ ನಕ್ಷತ್ರವೂ ಇದ್ದುವು. ಅದು ಬೆಲ್ಜಿಯಮ್ಮಿನ ಲೀಜ್ ನಗರದ ಮುದ್ರೆ. ಮ್ಯಾಂಟನ್ನನ ಕೀರ್ತಿ ಎಷ್ಟೆಂದರೆ, ಆತನ ಹೆಸರನ್ನು ಕಳ್ಳತನದಿಂದ ಕೆತ್ತಿ ಮಾರಿದ ಕೋವಿಗಳು ಲೆಕ್ಕವಿಲ್ಲದಷ್ಟು. ಮಹಾಕವಿಗಳ ಹೆಸರಿನಲ್ಲಿ ಪ್ರಕ್ಷಿಪ್ತ ಪದ್ಯಗಳು ಹುಟ್ಟುವ ಹಾಗೆ!

ಆ ಮನೆಯ ಅಜ್ಜನವರಿಗೆ ತೊಂಬತ್ತು ಸಮೀಪಿಸಿತ್ತು. ಅವರಿಗೆ ಲಂಡನ್ನಾದರೇನು, ಲೀಜಾದರೇನು? ಅವರು ಕೇಳಿದುದು ಒಂದೇ: ಅದನ್ನು ಹಾರಿಸಲು ಸಾಧ್ಯವೇ ಎಂದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಅವರ ಜನದ ಪದ್ಧತಿ. ತಮಗಾಗಿ ಹಾರುವ ಆ ಎರಡು ಗುಂಡುಗಳು ತಮ್ಮ ತಂದೆಗೆ ಹಾರಿದ ಕೋವಿಯಿಂದಲೇ ಹಾರಬೇಕೆಂದು ಅವರ ಆಸೆ. ಕೋವಿ ಬಲ್ಲ ಕೆಲಸಗಾರನು ನಳಿಗೆಯ ದಪ್ಪವನ್ನು ಅಳೆದು, ಒಳಗೆ ಕುಳಿಬಿದ್ದು ಒಂದು ಕಡೆ ಕಾಗದದಂತಾಗಿದೆಯೆಂದೂ, ಬರೀ ಮದ್ದಿಗೂ ಅದು ತಾಳದೆಂದೂ ಹೇಳಿದನು. ಅಜ್ಜನವರು ಬಹಳ ಹೊತ್ತು ಮಾತಾಡಲಿಲ್ಲ. ಮೊಮ್ಮಗನು ಹೆಸರನ್ನಾದರೂ ಹೊಸದಾಗಿ ಕೊರೆಸೋಣವೆಂದಾಗ ಮಾತ್ರ ಬೇಡವೆಂದು ಕೈಯಾಡಿಸಿದರು. ತುಕ್ಕು ತೆಗೆದು ಎಣ್ಣೆ ಹಚ್ಚಿ ಅದನ್ನು ಮತ್ತೆ ಗೋಡೆಗೇರಿಸಿದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ಹಾರಿದುದು ನೆರೆಮನೆಯ ಕೋವಿ. ಹಳೆಯದನ್ನು ಅವರ ತಲೆಯ ಬಳಿ ಇರಿಸಿದ್ದರೆಂದು ವಿದ್ಯಾರ್ಥಿಯು ತಿಳಿಸಿದನು.

ಇನ್ನು ಮ್ಯಾಂಟನ್ನನ ಅವಸಾನದ ಕಥೆ. ಡೇವಿಸ್ ಬೀದಿಯ ಆತನ ಗುರಿಶಾಲೆಗೆ ಕವಿ ಬೈರನ್ನನು ಪಿಸ್ತೂಲಿನ ಅಭ್ಯಾಸಕ್ಕೆ ಬರುತ್ತಿದ್ದ ದಿನಗಳವು. ಶ್ರೀಮಂತರೆಲ್ಲ ಆತನ ಗಿರಾಕಿಗಳು. ಅಷ್ಟರಲ್ಲಿ ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತನು, ಬೆಣಚುಕಲ್ಲನ್ನೇ ಬಿಟ್ಟು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಕೋವಿಯನ್ನು ಹೊತ್ತಿಸುವ ಉಪಾಯವನ್ನು ಕಂಡು ೧೮೦೭ರಲ್ಲಿ ಹಕ್ಕುಪತ್ರ ಪಡೆದಿದ್ದನು. ಚಕಮಕಿಯನ್ನು ಪರಿಪೂರ್ಣತೆಗೆ ಒಯ್ದವನಿಗೆ ಚಕಮಕಿಯ ಕಾಲವೇ ಮುಗಿಯಿತೆಂದು ತಿಳಿದಾಗ ಏನನ್ನಿಸಿರಬೇಕು! ಆತನು ಸುಮ್ಮನಿರಲಿಲ್ಲ. ೧೮೧೬ರಲ್ಲಿ ಸಿಡಿಮದ್ದಿನ ಗುಳಿಗೆಯ ಯಂತ್ರವನ್ನೂ, ೧೮೧೮ರಲ್ಲಿ ಸಿಡಿಮದ್ದು ತುಂಬಿದ ಪುಟ್ಟ ತಾಮ್ರದ ಕೊಳವೆಯ ಯಂತ್ರವನ್ನೂ ರಚಿಸಿದನು. ಎರಡೂ ಬುದ್ಧಿವಂತಿಕೆಯ ರಚನೆಗಳೇ. ಆದರೆ ಮೂಲತತ್ತ್ವ ಪಾದ್ರಿಯದು. ನ್ಯಾಯಾಲಯ ಪಾದ್ರಿಯ ಪರವಾಯಿತು. ಇದಕ್ಕೂ ಮೊದಲೇ, ಫಿರಂಗಿಯ ಗುಂಡಿಗೆ ಮರದ ಬಟ್ಟಲು ಜೋಡಿಸುವ ಉಪಾಯವೊಂದರ ವಿಷಯದಲ್ಲಿ ಸರ್ಕಾರದ ಆಯುಧಮಂಡಲಿಯೊಡನೆ ಜಗಳವಾಗಿತ್ತು. ಅವರು ಐನೂರು ಪೌಂಡು ಕೊಡುತ್ತೇವೆಂದರೆ, ಈತನು ಗುಂಡೊಂದಕ್ಕೆ ಒಂದು ಫಾರ್ದಿಂಗಿನಂತೆ ಬೇಡಿದನು. ಯುದ್ಧದ ಕಾಲದಲ್ಲಿ ಗುಂಡುಗಳ ಸಂಖ್ಯೆಯನ್ನು ನೆನೆದವರು ಒಪ್ಪಲಿಲ್ಲ. ವ್ಯಾಜ್ಯಗಳೂ ಪ್ರಯೋಗಗಳೂ ಹಣವನ್ನು ನುಂಗಿದುವು. ೧೮೨೬ರಲ್ಲಿ ಜೋಸೆಫ್ ಮ್ಯಾಂಟನ್ ದಿವಾಳಿಯೆಂದು ಘೋಷಿಸಲ್ಪಟ್ಟನು.

ಆಕ್ಸ್‌ಫರ್ಡ್ ಬೀದಿಯಲ್ಲಿ ಆತನದಾಗಿದ್ದ ಅಂಗಡಿಗೆ ಅದೇ ವರ್ಷ ಬಂದು ಸೇರಿದವನು ಜೇಮ್ಸ್ ಪರ್ಡಿ. ಆತನು ಒಮ್ಮೆ ಮ್ಯಾಂಟನ್ನನ ಬಳಿಯೇ ಕೂಲಿಗೆ ದುಡಿದವನು! ನಳಿಗೆ ಮಾಡಿಕೊಡುತ್ತಿದ್ದ ಚಾರ್ಲ್ಸ್ ಲ್ಯಾಂಕ್ಯಾಸ್ಟರ್ ಕೂಡ ಅದೇ ವರ್ಷ ಸ್ವಂತ ಅಂಗಡಿ ಹೂಡಿದನು. ವಿಲಿಯಮ್ ಗ್ರೀನರ್ ಎಂಬ ಇನ್ನೊಬ್ಬ ಪ್ರಸಿದ್ಧನೂ ಆ ಕಮ್ಮಟದಿಂದ ಬಂದವನೇ. ಲಂಡನ್ನಿನ ಕೋವಿಯ ಖ್ಯಾತಿಯೆಲ್ಲ ಹೀಗೆ ಒಂದು ಕುಲುಮೆಯಿಂದ ಕವಲೊಡೆಯಿತು. ಕುಲುಮೆಯ ಒಡೆಯನು ಮಾತ್ರ ಬೀದಿಗೆ ಬಿದ್ದನು. ಆ ಬಳಿಕವೂ ಆತನು ಕೆಲಸ ಬಿಡಲಿಲ್ಲ, ಆದರೆ ಹಿಂದಿನ ಸಿರಿ ಮರಳಲಿಲ್ಲ. ಎಚ್ಚರದಿಂದ ಬಾಳಿದ ಅಣ್ಣ ಜಾನ್ ೧೮೩೪ರಲ್ಲಿ ಸ್ಥಿತಿವಂತನಾಗಿಯೇ ತೀರಿಕೊಂಡನು.

ಮರುವರ್ಷ, ೧೮೩೫ರ ಜೂನ್ ೨೯ರಂದು, ತಮ್ಮನೂ ಹೋದನು. ಆತನ ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ತಲವೇರಾ ಯುದ್ಧದಲ್ಲಿ ಗಾಯಗೊಂಡು ಸೈನ್ಯ ಬಿಟ್ಟು, ಬೇಟೆಯ ಗ್ರಂಥ ಬರೆದು ಹೆಸರಾದ ಕರ್ನಲ್ ಪೀಟರ್ ಹಾಕರ್ ಆತನ ಚರಮಶ್ಲೋಕವನ್ನು ರಚಿಸಿದನು. ಆತನ ಚಕಮಕಿಯ ಕೋವಿಗಳಲ್ಲಿ ಬಹುಪಾಲನ್ನು ಮುಂದಿನ ವರ್ಷಗಳಲ್ಲಿ ಬಟ್ಟಲು ಕಿತ್ತು, ರಂಧ್ರ ಕೊರೆದು, ಕೇಪಿನ ಕೋವಿಗಳನ್ನಾಗಿ ಮಾರ್ಪಡಿಸಿದರು. ಇಂದು ಸಂಗ್ರಾಹಕರು ಆ ಕೇಪಿನ ಭಾಗವನ್ನು ಕಿತ್ತು, ಹೊಸ ಬಟ್ಟಲನ್ನು ಕೂಡಿಸಿ, ಮತ್ತೆ ಚಕಮಕಿಗೆ ತಿರುಗಿಸುತ್ತಿದ್ದಾರೆ.