ದಿವಾನ್ ರಂಗಾಚಾರ್ಲು

ಸೂಳೆಕೆರೆಗೆ ಏರಿ ಎಷ್ಟು ಅಗತ್ಯವೋ ತೂಬೂ ಅಷ್ಟೇ ಅಗತ್ಯವೆಂದು ನಾವೆಲ್ಲರೂ ಬಲ್ಲೆವು. ತೂಬಿಲ್ಲದ ಕೆರೆಯಿಂದ ಗದ್ದೆಗೆ ಫಲವಿಲ್ಲ. ರಾಜ್ಯಾಧಿಕಾರವೂ ಹಾಗೆಯೇ. ಇದನ್ನು ಅರಿತಿದ್ದ ಒಬ್ಬರ ಚರಿತ್ರೆಯನ್ನು ಈ ತಿಂಗಳು ಹೇಳುತ್ತೇವೆ.

1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಭಾರವನ್ನೂ ಅಧಿಕಾರಿಗಳ ಅನ್ಯಾಯವನ್ನೂ ತಾಳಲಾರದೆ, ಮೊರೆಯನ್ನು ಕೇಳುವವರಿಲ್ಲದೆ ದಂಗೆಯೆದ್ದರು. ನಮ್ಮ ಹೊನ್ನಾಳಿಯಲ್ಲಿಯೂ ಕಾಳಗ ನಡೆಯಿತು. ಇದೇ ಕಾರಣವನ್ನು ಹೇಳಿ 1831ರಲ್ಲಿ ಇಂಗ್ಲಿಷ್ ಕಂಪೆನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಳಿಕೆಯನ್ನು ತೆಗೆದುಕೊಂಡರು. ಮೈಸೂರು ಕಮಿಷನರುಗಳ ಕೈಕೆಳಗಿನ ಸೀಮೆಯಾಯಿತು.

ಅದೇ ವರ್ಷ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ರಂಗಾಚಾರ್ಲು ಹುಟ್ಟಿದರು. ಮದ್ರಾಸಿನಲ್ಲಿ ಓದಿ, ಅಲ್ಲಿಯ ಸರ್ಕಾರದ ಕೆಲಸದಲ್ಲಿ ಹೆಸರುಗೊಂಡು, 1868ರಲ್ಲಿ ಅರಮನೆಯ ವ್ಯವಹಾರಗಳನ್ನು ಸರಿಪಡಿಸಲು ಮೈಸೂರಿಗೆ ಬಂದರು. ಪರದೇಶದ ಅಧಿಕಾರಿಗಳಿಗಾಗಿ ಅಷ್ಟು ವೆಚ್ಚ ಬೇಡ, ಈ ದೇಶದವರೇ ಕೆಲಸವನ್ನು ನಡಿಸಬಲ್ಲರೆಂದು 1874ರಲ್ಲಿ ಚಿಕ್ಕ ಪುಸ್ತಕವನ್ನು ಬರೆದರು.

1881ನೆಯ ಮಾರ್ಚಿ 25ರಲ್ಲಿ, 18 ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಕ್ಕೆ ಕೊಡಲ್ಪಟ್ಟಿತು. ರಂಗಾಚಾರ್ಲು ದಿವಾನರಾದರು. ಸ್ವಲ್ಪ ಮುಂಚೆ, 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತಿದ್ದರು; ರಾಜ್ಯದ ಮೇಲೆ 80 ಲಕ್ಷ ರೂಪಾಯಿ ಸಾಲವಿದ್ದಿತು. ದಿವಾನರು ವೆಚ್ಚವನ್ನು ತಗ್ಗಿಸಿ, ಮೈಸೂರು ಬೆಂಗಳೂರಿನ ರೈಲುದಾರಿಯ ಕೆಲಸವನ್ನು ಮುಂದರಿಸಿದರು. ಅಕ್ಟೋಬರ್ 7ರಲ್ಲಿ, ದಸರೆಯ ಕಾಲದಲ್ಲಿ, ತಾಲ್ಲೂಕುಗಳಿಂದ ಬಂದ 144 ಪ್ರತಿನಿಧಿಗಳನ್ನು ಕೂಡಿಸಿ, ಆಳಿಕೆಯ ಜಮಾಖರ್ಚನ್ನು ಅವರ ಮುಂದಿಟ್ಟು, ಅವರ ಕುಂದುಕೊರತೆಗಳಿಗೆ ಕಿವಿಗೊಟ್ಟರು. ಮೋಶೆಯು ಮಾವನ ಬುದ್ಧಿವಾದದಂತೆ ಜನರೊಳಗಿಂದ ಮುಖ್ಯಸ್ಥರನ್ನು ಆರಿಸಿದ್ದು ನಮಗೆ ನೆನಪಾಗುತ್ತದೆ.

ಆದರೂ ಸತ್ಯವನ್ನು ಮರೆಮಾಡಬಾರದು. ಆ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಲ್ಲಿ ಕೂತವರು ಭೂಮಿಯುಳ್ಳವರೂ ವರ್ತಕರೂ. ಕೇರಿಯ ಕೂಲಿಯವನಿಗೆ ಸ್ಥಳವಿರಲಿಲ್ಲ. ತೂಬು ತೆರೆಯಿತು, ನೀರು ಕಡೆಯ ಗದ್ದೆಗೆ ಮುಟ್ಟಲಿಲ್ಲ.

1883ನೆಯ ಜನವರಿ 20ರಲ್ಲಿ, ಎರಡು ವರ್ಷ ತುಂಬುವುದರೊಳಗೆ, ರಂಗಾಚಾರ್ಲು ತೀರಿಹೋದರು. ಮೈಸೂರಿನ ಪುರಭವನವು ಅವರ ಜ್ಞಾಪಕಾರ್ಥವಾಗಿ ನಿಂತಿದೆ. ಅವರು ತೆರೆದ ಕಾಲುವೆ ಕಡೆಯ ಗದ್ದೆಗೆ ಮುಟ್ಟಿದ್ದು 1951-52ರ ಚುನಾವಣೆಯಲ್ಲಿ. ಆಗ ಒಡೆಯನಿಗೂ ಆಳಿಗೂ ಒಂದೊಂದೇ ಓಟು ದೊರೆಯಿತು.

ಪ್ರಿಯರೇ, ನಮ್ಮ ಹಿರಿಯರಿಗೆ ಇಲ್ಲದಿದ್ದ ಈ ಹಕ್ಕು ದೇವರು ನಮ್ಮ ವಶಕ್ಕೆ ಒಪ್ಪಿಸಿದ ಮನೆವಾರ್ತೆ. ಹಣಕ್ಕೂ ಹೆಂಡಕ್ಕೂ ಅದನ್ನು ಮಾರುವವನು ತನ್ನ ಗದ್ದೆಯ ನೀರನ್ನು ತಾನೇ ಕಟ್ಟಿಕೊಳ್ಳುವನು. ಲೆಕ್ಕ ಒಪ್ಪಿಸುವ ದಿನ ನಮಗೂ ಉಂಟು.