ಬೀದರದ ಖ್ವಾಜಾ ಮಹಮೂದ್ ಗವಾನ್



ನಮ್ಮ ಚಿಮ್ಮನಚೋಡದಂತಹ ಊರುಗಳ ಶಾಲೆಗಳಲ್ಲಿ ಒಬ್ಬನಿಗೆ ಗಣಿತವೆಂದರೆ ಪ್ರಾಣ, ಇನ್ನೊಬ್ಬಳಿಗೆ ಸುಂದರ ಬರವಣಿಗೆಯ, ಅಂದರೆ ಖತ್ತಾತಿಯ ಹುಚ್ಚು ಇರುತ್ತದೆ. ಆದರೆ ಅದರ ಬಗ್ಗೆ ಮಾತನಾಡಲು ಇಡೀ ಓಣಿಯಲ್ಲಿ ಎರಡನೆಯವರು ಸಿಗುವುದಿಲ್ಲ. ಹೀಗಾಗಿ ಕೆಲವರು ಪುಸ್ತಕ ಹಿಡಿದು ಜನರಿಂದ ದೂರವಾಗುತ್ತಾರೆ. ಕೆಲವರು ಜನರೊಡನೆ ಬೆರೆಯಲೆಂದು ಆಸಕ್ತಿಯನ್ನೇ ಬಿಡುತ್ತಾರೆ. ಎರಡೂ ನಷ್ಟವೇ. ಮೂರನೆಯ ದಾರಿ ಹುಡುಕಿದ ಒಬ್ಬ ಮಹನೀಯರ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರು ಬಾಳಿದ್ದು ನಮ್ಮ ಚಿಂಚೋಳಿಯ ನೆರೆಯ ಬೀದರದಲ್ಲಿ.

ವರ್ತಕರಾಗಿ ಬಂದರು

ಖ್ವಾಜಾ ಮಹಮೂದ್ ಗವಾನರು ಸುಮಾರು 1411ರಲ್ಲಿ ಇರಾನಿನ ಗೀಲಾನ್ ಪ್ರಾಂತದಲ್ಲಿ ಜನಿಸಿದರು. ಊರಿನ ರಾಜಕೀಯ ಕಲಹಗಳಿಂದಾಗಿ ತಾಯ್ನಾಡು ಬಿಟ್ಟು ವ್ಯಾಪಾರ ಹಿಡಿದರು. 1453ರಲ್ಲಿ ದಾಭೋಳ ಬಂದರಿನಲ್ಲಿಳಿದು ಬೀದರಕ್ಕೆ ಬಂದಾಗ ಅವರಿಗೆ 42ರ ಆಸುಪಾಸು. ಇಲ್ಲಿಂದ ದೆಹಲಿಗೆ ಹೋಗುವ ವಿಚಾರವಿತ್ತು. ಆದರೆ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಅವರ ವಿದ್ವತ್ತನ್ನು ಕಂಡು ಆಸ್ಥಾನದಲ್ಲಿ ಉಳಿಸಿಕೊಂಡರು. ಮುಂದೆ ಹುಮಾಯೂನ್ ಷಾ ಕಾಲದಲ್ಲಿ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ದೊರೆಯಿತು. 1466ರಿಂದ ಮೂರನೆಯ ಮುಹಮ್ಮದ್ ಷಾ ಅವರ ಪ್ರಧಾನಮಂತ್ರಿಯಾದರು. 1472ರಲ್ಲಿ ಅವರು ಗೋವೆಯನ್ನು ಗೆದ್ದರು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಜಮೀನು ಅಳೆಸಿ, ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕೆಂದು ನಿಯಮ ಮಾಡಿದರು.

ಪುಸ್ತಕಪ್ರೇಮಿಯ ಒಂಟಿತನ

ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅವರ ಮನಸ್ಸು ಇದ್ದದ್ದು ಗಣಿತದಲ್ಲಿ, ಫಾರಸಿ ಗದ್ಯದಲ್ಲಿ, ಪತ್ರ ಬರೆಯುವ ಕಲೆಯಲ್ಲಿ. ಆ ಕಲೆಯ ಬಗ್ಗೆ ಮನಾಜಿರ್-ಉಲ್-ಇನ್ಶಾ ಎಂಬ ಗ್ರಂಥ ಬರೆದರು. ಅವರ ಪತ್ರಗಳು ರಿಯಾಜ್-ಉಲ್-ಇನ್ಶಾ ಎಂಬ ಹೆಸರಿನಲ್ಲಿ ಸಂಕಲನಗೊಂಡಿವೆ. ಅವರ ಅಭಿರುಚಿಯನ್ನು ಬಲ್ಲ ಅನೇಕರು ಸಾವಿರಾರು ಮೈಲಿ ದೂರದಲ್ಲಿದ್ದರು. ಹೆರಾತಿನ ಮಹಾಕವಿ ಜಾಮಿಯವರೊಡನೆ ಪತ್ರವ್ಯವಹಾರವಿತ್ತು, ಆದರೆ ಜಾಮಿ ಬೀದರಕ್ಕೆ ಬರಲಿಲ್ಲ. ಒಂದು ಪತ್ರ ಮರುಭೂಮಿ, ಸಮುದ್ರ ದಾಟಿ ಬರಲು ತಿಂಗಳುಗಳೇ ಬೇಕಾಗುತ್ತಿದ್ದವು. ನೀವೇ ಯೋಚಿಸಿ, ಅಂಥ ಸ್ಥಿತಿಯಲ್ಲಿ ಮನುಷ್ಯ ಮನೆಯ ಬಾಗಿಲು ಹಾಕಿಕೊಂಡು ಪುಸ್ತಕಗಳ ನಡುವೆ ಕೂರುವುದು ಎಷ್ಟು ಸುಲಭ!

ಗವಾನರು ಹಾಗೆ ಮಾಡಲಿಲ್ಲ. ತಮ್ಮ ಹಂಬಲಕ್ಕೆ ಊರಿನ ನಡುವೆಯೇ ಒಂದು ಮನೆ ಕಟ್ಟಿದರು. ಅದೇ 1472ರ ಮದರಸಾ. ಮೂರು ಅಂತಸ್ತು, ಉಪನ್ಯಾಸ ಸಭಾಂಗಣ, ಮಸೀದಿ, ಗ್ರಂಥಾಲಯ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಸತಿ ಕೋಣೆಗಳು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಗೋಡೆಗಳ ಮೇಲಿನ ನೀಲಿ, ಬಿಳಿ, ಹಳದಿ ಹೆಂಚುಗಳ ಮೇಲೆ ಖತ್ತಾತಿ ಅರಳಿತು. ಬಿಡುವಿದ್ದಾಗ ಮಂತ್ರಿಗಳೇ ಬಂದು ವಿದ್ವಾಂಸರೊಡನೆ ಕೂರುತ್ತಿದ್ದರು. ಒಬ್ಬರ ಖಾಸಗಿ ಆಸಕ್ತಿ ಊರಿನ ಆಸ್ತಿಯಾಯಿತು.

ಜನರೊಡನೆ ನಂಟು

ರಾಜ್ಯದಿಂದ ಬಂದ ಆದಾಯವನ್ನು ಅವರು ಸೈನ್ಯಕ್ಕೂ ಬಡವರಿಗೂ ಖರ್ಚು ಮಾಡುತ್ತಿದ್ದರು. ತಮ್ಮ ಊಟಕ್ಕೆ ವ್ಯಾಪಾರದಿಂದ ಬಂದ ಸ್ವಂತ ಹಣ. ಮಣ್ಣಿನ ಪಾತ್ರೆಯಲ್ಲಿ ಊಟ, ಚಾಪೆಯ ಮೇಲೆ ನಿದ್ದೆ. ಶುಕ್ರವಾರದ ರಾತ್ರಿ ವೇಷ ಮರೆಸಿಕೊಂಡು ಓಣಿ ಓಣಿ ತಿರುಗಿ ದಾನ ಮಾಡುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ.

ಆದರೂ ಒಂದು ಅಂತರ ಉಳಿಯಿತು. ಬೀದರದ ಸಂತೆಯಲ್ಲಿ ಕೇಳುತ್ತಿದ್ದದ್ದು ಕನ್ನಡ, ತೆಲುಗು, ಮರಾಠಿ ಮತ್ತು ದಖನಿ. ನಮ್ಮ ಉರ್ದುವಿನ ಹಿರಿಯಕ್ಕನಾದ ದಖನಿಯಲ್ಲಿ ಕದಂ ರಾವ್ ಪದಂ ರಾವ್ ಎಂಬ ಕಾವ್ಯ ಗವಾನರು ಬರುವ ಮೊದಲೇ ಹುಟ್ಟಿತ್ತು. ಗವಾನರ ಲೇಖನಿಯಾದರೋ ಫಾರಸಿಯಲ್ಲೇ ಉಳಿಯಿತು. ಮೇಲಾಗಿ ಆಸ್ಥಾನದಲ್ಲಿ ಇಲ್ಲಿಯೇ ನೆಲೆಸಿದ ದಖನಿಗಳೆಂದೂ, ಹೊರಗಿನಿಂದ ಬಂದ ಆಫಾಕಿಗಳೆಂದೂ ಎರಡು ಪಂಗಡಗಳಿದ್ದವು. ಗವಾನರು ಸ್ವತಃ ಆಫಾಕಿ. ಆದರೆ ಅಧಿಕಾರ ಹಂಚುವಾಗ ಎರಡೂ ಕಡೆಯವರಿಗೆ ಸ್ಥಾನ ಕೊಟ್ಟರು. ಯೂಸುಫ್ ಆದಿಲ್ ಖಾನ್ ಆಫಾಕಿಗಳ ಕಡೆಯವರು, ಮಲಿಕ್ ಹಸನ್ ದಖನಿಗಳ ಮುಂದಾಳು. ಇಬ್ಬರೂ ಪ್ರಾಂತಗಳನ್ನು ಆಳಿದರು.

ದುರಂತ

ಅಧಿಕಾರ ಮೊಟಕುಗೊಂಡವರಿಗೆ ಇದು ಸಾಕಾಗಲಿಲ್ಲ. ವಿರೋಧಿಗಳು ಗವಾನರ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬರುವಂತೆ ಕರೆಯುವ ಸುಳ್ಳು ಪತ್ರ ಸೃಷ್ಟಿಸಿದರು. ಮುದ್ರೆ ತಮ್ಮದು, ಬರಹ ತಮ್ಮದಲ್ಲ ಎಂದು ಗವಾನರು ಹೇಳಿದರೂ ಸುಲ್ತಾನರು ವಿಚಾರಿಸಲಿಲ್ಲ. ಪತ್ರ ಬರೆಯುವ ಕಲೆಗೆ ಗ್ರಂಥವನ್ನೇ ಬರೆದವರ ಪ್ರಾಣ ಒಂದು ಸುಳ್ಳು ಪತ್ರದಿಂದ ಹೋಯಿತು. 1481ರ ಏಪ್ರಿಲ್ 5ರಂದು ಅವರ ಶಿರಚ್ಛೇದವಾಯಿತು. ದೊಡ್ಡ ನಿಧಿ ಸಿಗಬಹುದೆಂದು ಹುಡುಕಿಸಿದಾಗ ಅವರ ಬಳಿ ಅಂಥದ್ದೇನೂ ಇರಲಿಲ್ಲ. ಸತ್ಯ ತಿಳಿದ ಸುಲ್ತಾನರು ಪಶ್ಚಾತ್ತಾಪದಿಂದ ಕೊರಗಿ ಮರುವರ್ಷವೇ ತೀರಿಕೊಂಡರು. ಮುಂದೆ ಬಹಮನಿ ರಾಜ್ಯ ಒಡೆದು ಐದು ಭಾಗಗಳಾಯಿತು.

ನಮಗೇನು ಪಾಠ?

ಓದುಗರೇ, ಹಾಗಾದರೆ ಗವಾನರ ದಾರಿ ಸೋತಿತೆ? ಪಂಗಡಗಳ ಜಗಳವನ್ನು ಒಬ್ಬರ ಒಳ್ಳೆಯತನ ನಿಲ್ಲಿಸಲಾರದೆಂಬುದು ನಿಜ. ಆದರೆ ಅವರ ತಲೆ ತೆಗೆಸಿದ ಆಸ್ಥಾನ ಇಂದಿಲ್ಲ, ಮದರಸಾ ಇದೆ. 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಅದರ ಮುಂಭಾಗದ ದೊಡ್ಡ ಪಾಲು ಬಿದ್ದುಹೋದರೂ ಒಂದು ಮಿನಾರು ಇನ್ನೂ ನಿಂತಿದೆ. ಅವರ ಸಮಾಧಿ ಬೀದರ ಸಮೀಪದ ಗೋರನಳ್ಳಿಯಲ್ಲಿದೆ.

ನಿಮ್ಮ ಮಗ ನಕ್ಷತ್ರಗಳನ್ನು ಗುರುತಿಸುವುದು ಕಲಿತಿದ್ದರೆ ಓಣಿಯ ಮಕ್ಕಳನ್ನು ಮಾಳಿಗೆಗೆ ಕರೆದು ತೋರಿಸಲಿ. ಮಗಳ ಬರವಣಿಗೆ ಚೆನ್ನಾಗಿದ್ದರೆ ನೆರೆಯವರ ಅರ್ಜಿಯನ್ನೂ ಶಾಲೆಯ ಫಲಕವನ್ನೂ ಬರೆದುಕೊಡಲಿ. ಉರ್ದು ಬಲ್ಲವರು ಕನ್ನಡದಲ್ಲಿಯೂ, ಕನ್ನಡ ಬಲ್ಲವರು ಉರ್ದುವಿನಲ್ಲಿಯೂ ತಾವು ಪ್ರೀತಿಸುವ ವಿಷಯವನ್ನು ಹೇಳಲು ಕಲಿಯಲಿ. ಗವಾನರು ಕಟ್ಟಿದ್ದನ್ನು ನಾವು ಕಟ್ಟಲಾರೆವು. ಅವರು ಬಿಟ್ಟುಹೋದ ಈ ಸಣ್ಣ ಕೆಲಸವನ್ನಾದರೂ ಮಾಡಬಹುದಲ್ಲವೆ?