ಉಗಿಬಂಡಿಯ ಬಿಷಪ್ ಎರಿಕ್ ಟ್ರೀಸಿ

ಪಾದ್ರಿಯ ನಿಲುವಂಗಿಗೂ ರೈಲು ಇಂಜಿನಿನ ಮಸಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಇವೆರಡನ್ನೂ ಒಂದೇ ಬಾಳಿನಲ್ಲಿ ಒಪ್ಪವಾಗಿ ಕೂಡಿಸಿಕೊಂಡ ಮಹನೀಯರೊಬ್ಬರು ಇಂಗ್ಲೆಂಡಿನಲ್ಲಿ ಆಗಿಹೋದರು. ಅವರೇ ಬಿಷಪ್ ಎರಿಕ್ ಟ್ರೀಸಿ. ಬ್ರಿಟನ್ನಿನ ರೈಲುಗಳ ಛಾಯಾಚಿತ್ರವೆಂದರೆ ಅಲ್ಲಿಯ ಜನರಿಗೆ ಇಂದಿಗೂ ನೆನಪಾಗುವ ಹೆಸರುಗಳಲ್ಲಿ ಅವರದೊಂದು.

ಟ್ರೀಸಿಯವರು 1907ನೆಯ ಇಸವಿ ಜೂನ್ 2ರಂದು ಲಂಡನ್ನಿನ ವಿಲ್ಸ್‌ಡನ್ನಿನಲ್ಲಿ ಜನಿಸಿದರು. ವಿದ್ಯಾಭ್ಯಾಸ ಮುಗಿಸಿ ಪಾದ್ರಿಯ ದೀಕ್ಷೆ ಪಡೆದು ಲಿವರ್‌ಪೂಲಿಗೆ ಬಂದರು. 1936ರಲ್ಲಿ ಅದೇ ನಗರದ ಎಜ್ ಹಿಲ್ ಎಂಬ ಕೇರಿಯ ಚರ್ಚು ಅವರ ವಶಕ್ಕೆ ಬಂದಿತು. ಅವರ ಜೀವನದ ದಾರಿ ತಿರುಗಿದ್ದು ಲಿವರ್‌ಪೂಲಿನಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಎಜ್ ಹಿಲ್ ಸಾಮಾನ್ಯ ಸ್ಥಳವಲ್ಲ. 1830ರಲ್ಲಿ ಆರಂಭವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಹಾದುಹೋಗುವುದು ಅಲ್ಲಿಯೇ. ಲೈಮ್ ಸ್ಟ್ರೀಟ್ ನಿಲ್ದಾಣದಿಂದ ಹೊರಟ ಗಾಡಿಗಳು ಬಂಡೆಯನ್ನು ಆಳವಾಗಿ ಕಡಿದು ಮಾಡಿದ ಕಣಿವೆಯಲ್ಲಿ ಏದುಸಿರು ಬಿಡುತ್ತ ಎಜ್ ಹಿಲ್ಲಿಗೆ ಏರಿ ಬರಬೇಕು. ಇಂಜಿನುಗಳ ದೊಡ್ಡ ಶೆಡ್ಡೂ ಅಲ್ಲಿತ್ತು. ಪಾದ್ರಿಗಳ ಒಕ್ಕಲಿನಲ್ಲಿ ಡ್ರೈವರುಗಳು, ಫೈರ್‌ಮನ್ನರು, ಶೆಡ್ಡಿನ ಕೂಲಿಗಳು ಬಹುಮಂದಿ. ಅವರ ಸುಖದುಃಖ ವಿಚಾರಿಸಲು ಹೋದ ಪಾದ್ರಿಗಳು ಅವರ ಕೆಲಸದ ಸ್ಥಳಕ್ಕೂ ಹೋದರು. ಕೈಯಲ್ಲಿ ಕ್ಯಾಮರಾ ಹಿಡಿದುಕೊಂಡೇ ಹೋದರು.

ಆಗಿನ ದಿನಗಳಲ್ಲಿ ರೈಲಿನ ಚಿತ್ರವೆಂದರೆ ಬಿಸಿಲಿನಲ್ಲಿ ನಿಂತ ಇಂಜಿನನ್ನು ಚಕ್ರ ಎಣಿಸುವಂತೆ ಸ್ಫುಟವಾಗಿ ತೆಗೆದರೆ ಸಾಕೆಂಬ ಭಾವನೆ ಹಲವರಲ್ಲಿತ್ತು. ಟ್ರೀಸಿಯವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ದುಡಿಯುತ್ತಿರುವ ಇಂಜಿನು ಅವರಿಗೆ ಬೇಕಾಗಿತ್ತು. ಆದ್ದರಿಂದ ಏರುದಾರಿಗಳನ್ನೇ ಹುಡುಕಿಕೊಂಡು ಹೋದರು. ಶ್ಯಾಪ್ ಎಂಬ ಏರು ಅವುಗಳಲ್ಲಿ ಪ್ರಸಿದ್ಧವಾದುದು. ಎಪ್ಪತ್ತೈದು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ಆ ದಾರಿ ಸುಮಾರು ನಾಲ್ಕು ಮೈಲಿ ಹಾಗೆಯೇ ಸಾಗಿ, 900 ಅಡಿಗೂ ಮಿಕ್ಕ ಎತ್ತರವನ್ನು ಮುಟ್ಟುತ್ತದೆ. ಭಾರವಾದ ಗಾಡಿಗಳನ್ನು ಹಿಂದಿನಿಂದ ದೂಡಲು ತೀಬೆ ನಿಲ್ದಾಣದಲ್ಲಿ ಬೇರೆ ಇಂಜಿನುಗಳು ಸಿದ್ಧವಾಗಿರುತ್ತಿದ್ದವು. ಏರಿನಲ್ಲಿ ಗಾಡಿಯ ವೇಗ ತಗ್ಗುವುದರಿಂದ ಚಿತ್ರ ಮಸುಕಾಗುವ ಭಯ ಕಡಿಮೆ; ಹೊಗೆಯೂ ಉಗಿಯೂ ಆಕಾಶಕ್ಕೆ ಎದ್ದು ನಿಲ್ಲುವುದರಿಂದ ನೋಟಕ್ಕೆ ಗಾಂಭೀರ್ಯ. ಅವರು ಕಾದಿರುವುದನ್ನು ದೂರದಿಂದ ಕಂಡ ಡ್ರೈವರುಗಳು ಬೇಕೆಂದೇ ಒಳ್ಳೆಯ ಹೊಗೆ ಎಬ್ಬಿಸಿಕೊಡುತ್ತಿದ್ದರಂತೆ! ಸ್ನೇಹವಿಲ್ಲದೆ ಇಂಥ ಉಪಕಾರ ದೊರೆಯುವುದಿಲ್ಲ.

ಅಂಥ ಏರಿನಲ್ಲಿ ಫೈರ್‌ಮನ್ನನ ಪಾಡೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೋಟೆಲಿನ ಒಲೆಯ ಮುಂದೆ ನಿಂತವರು ಅದನ್ನು ಊಹಿಸಬಲ್ಲರು. ಅಲುಗಾಡುವ ನೆಲದ ಮೇಲೆ ನಿಂತು ಸಲಿಕೆಯಿಂದ ಕಲ್ಲಿದ್ದಲು ಎರಚುತ್ತಲೇ ಇರಬೇಕು. ಬೆಂಕಿ ತಗ್ಗಿದರೆ ಗಾಡಿಯೇ ನಿಂತೀತು. ಗಾದಿಯ ಮೇಲೆ ಕುಳಿತ ಪ್ರಯಾಣಿಕನಿಗೆ ಆ ಮನುಷ್ಯನ ಮುಖ ಕಾಣುವುದಿಲ್ಲ. ಟ್ರೀಸಿಯವರು ಆ ಮುಖವನ್ನು ಕಂಡರು, ಚಿತ್ರದಲ್ಲಿಯೂ ಇಟ್ಟರು. ಅವರ ಮುಖ್ಯ ಹಿರಿಮೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಯುದ್ಧಕಾಲದಲ್ಲಿ, 1940ರಿಂದ 1945ರವರೆಗೆ, ಅವರು ಸೈನ್ಯದ ಪಾದ್ರಿಯಾಗಿದ್ದರು. ಆಮೇಲೆ ಕೀತ್ಲಿಯಲ್ಲಿ ರೆಕ್ಟರ್, 1949ರಲ್ಲಿ ಹ್ಯಾಲಿಫ್ಯಾಕ್ಸಿನ ಆರ್ಚ್‌ಡೀಕನ್, 1961ರಲ್ಲಿ ಪಾಂಟಿಫ್ರಾಕ್ಟಿನ ಬಿಷಪ್, 1968ರಲ್ಲಿ ವೇಕ್‌ಫೀಲ್ಡಿನ ಬಿಷಪ್ ಆದರು. ಪದವಿ ಏರಿದರೂ ಹಳಿಯ ಪಕ್ಕದ ನಿಲುವು ತಪ್ಪಲಿಲ್ಲ. 1949ರಲ್ಲಿಯೇ ‘ಸ್ಟೀಮ್ ಅಪ್’ ಎಂಬ ಅವರ ಚಿತ್ರಪುಸ್ತಕ ಹೊರಬಂದಿತ್ತು. ಅನಂತರ ಇನ್ನೂ ಹಲವು ಬಂದವು.

ಆದರೆ ಅವರು ಮೆಚ್ಚಿದ ಲೋಕ ಮುಗಿಯುತ್ತ ಬಂದಿತ್ತು. 1955ರ ಯೋಜನೆಯಂತೆ ಬ್ರಿಟಿಷ್ ರೈಲ್ವೆಯವರು ಉಗಿಯನ್ನು ಬಿಟ್ಟು ಡೀಸಲ್ಲಿಗೂ ವಿದ್ಯುತ್ತಿಗೂ ತಿರುಗಿದರು. 1960ರಲ್ಲಿ ಅವರ ಕೊನೆಯ ಉಗಿ ಇಂಜಿನು ‘ಈವನಿಂಗ್ ಸ್ಟಾರ್’ ಸ್ವಿಂಡನ್ನಿನಲ್ಲಿ ಸಿದ್ಧವಾಯಿತು. ಟ್ರೀಸಿಯವರು ವೇಕ್‌ಫೀಲ್ಡಿನ ಪೀಠವೇರಿದ 1968ರಲ್ಲಿಯೇ, ಆಗಸ್ಟ್ 11ರಂದು, ಉಗಿಯ ಕೊನೆಯ ಮುಖ್ಯಮಾರ್ಗದ ಯಾತ್ರೆ ಲಿವರ್‌ಪೂಲಿನಿಂದಲೇ ಹೊರಟಿತು. ಬೆಂಕಿಯ ಮುಂದೆ ಸಲಿಕೆ ಹಿಡಿಯುವ ಕಸಬೇ ಮುಖ್ಯಮಾರ್ಗದ ದಿನಚರಿಯಿಂದ ಅಳಿಸಿಹೋಯಿತು. ಶೆಡ್ಡುಗಳು ಬರಿದಾದವು; ಚಿತ್ರಗಳು ಉಳಿದವು.

ನಿವೃತ್ತರಾದದ್ದು 1976ರಲ್ಲಿ. ಎರಡು ವರ್ಷಗಳ ಬಳಿಕ, 1978ರ ಮೇ 13ರಂದು, ಸೆಟಲ್–ಕಾರ್ಲೈಲ್ ಮಾರ್ಗದ ಆಪಲ್‌ಬಿ ನಿಲ್ದಾಣದಲ್ಲಿ ಅವರು ವಿಶೇಷ ರೈಲೊಂದಕ್ಕೆ ಕಾದಿದ್ದರು. ಅದನ್ನು ಎಳೆದು ತರುತ್ತಿದ್ದುದು ಅದೇ ‘ಈವನಿಂಗ್ ಸ್ಟಾರ್’. ಪ್ಲಾಟ್‌ಫಾರಂ ಮೇಲೆಯೇ ಕುಸಿದು ಪ್ರಾಣಬಿಟ್ಟರು. ಆಗ ಅವರಿಗೆ ಎಪ್ಪತ್ತು ವರ್ಷ.

ಅವರ ಸುಮಾರು 12,000 ಚಿತ್ರಗಳು ಈಗ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿವೆ. ಆಪಲ್‌ಬಿ ನಿಲ್ದಾಣದಲ್ಲಿ ಅವರ ಸ್ಮಾರಕ ಫಲಕವಿದೆ. ರೈಲ್ವೆಯವರು ಒಂದು ಇಂಜಿನಿಗೂ ಅವರ ಹೆಸರಿಟ್ಟರು. ಅದು ಮಾತ್ರ ಹೊಗೆಯೇ ಬಿಡದ ವಿದ್ಯುತ್ ಇಂಜಿನು.